ಎರಡು ಬ್ರೇಕಿನ ಕಾರು

ಎಲ್ಲಿಂದ ಶುರು ಮಾಡಲಿ? ಸಮುದ್ರದಿಂದ ಎನ್ನುತ್ತೀರಿ. ನೌಕಾಪಡೆಯ ಅಡ್ಮಿರಲ್ ಒಬ್ಬರ ಕಥೆ ಇನ್ನೆಲ್ಲಿಂದ ಶುರುವಾಗಬೇಕು? ಹಾಗೆಂದೇ ಮೊದಲ ಡ್ರಾಫ್ಟಿನಲ್ಲಿ ಅರ್ಧ ಪುಟ ಅಲೆ, ಉಪ್ಪುಗಾಳಿ, ದಿಗಂತ ಎಂದೆಲ್ಲ ಬರೆದೆ. ಅಡ್ಮಿರಲ್ ಓದಿದರು.

"ದಿಗಂತ ನೋಡ್ತಾ ನಿಲ್ಲೋಕೆ ಯಾರಿಗ್ರೀ ಪುರುಸೊತ್ತಿತ್ತು? ಅರ್ಧ ಸರ್ವೀಸು ನಾನು ಫೈಲು ನೋಡಿದೀನಿ."

ಹರಿದು ಹಾಕಿದೆ. (ಪಾತ್ರಗಳಿಗೆ ಡ್ರಾಫ್ಟ್ ತೋರಿಸಬಾರದು. ತೋರಿಸಿದ ಮೇಲೆ ಬುದ್ಧಿ ಬಂತು.)

೧

ಹಾಗಾದರೆ ಕಾರಿನಿಂದ. ಅಡ್ಮಿರಲ್ ನಿವೃತ್ತರಾದ ಮರುವಾರ ಸರ್ಕಾರಿ ಕಾರು, ಅದರ ಡ್ರೈವರು ಎರಡೂ ಹೋದವು. ಆಗ ಬಯಲಾದ ಸಂಗತಿ ಇದು: ಇಡೀ ಹಡಗುಪಡೆಯನ್ನು ನಡೆಸಿದ ಮನುಷ್ಯನಿಗೆ ಕಾರು ನಡೆಸಲು ಬರುವುದಿಲ್ಲ. ಹೆಂಡತಿಗೆ ಮಂಡಿನೋವು, ವಾರಕ್ಕೆರಡು ಸಲ ಫಿಸಿಯೋಥೆರಪಿ.

"ನನ್ನ ತಮ್ಮನ ಹತ್ರ ಕಲೀರಿ," ಎಂದರು ಆಕೆ. "ಊರಿಗೆಲ್ಲ ಕಲಿಸ್ತಾನೆ. ಭಾವನಿಗೆ ಕಲಿಸಲ್ವಾ?"

ತಮ್ಮನದು ಡ್ರೈವಿಂಗ್ ಸ್ಕೂಲು. ಒಂದೇ ಕಾರು. ಅದರಲ್ಲಿ ಕಲಿಸುವವನ ಕಾಲಡಿಯಲ್ಲೂ ಒಂದು ಬ್ರೇಕು. ಅವನಿಗೊಂದು ಚಟ: ಆ ಬ್ರೇಕು ಒತ್ತುವ ಮೊದಲು, "ಗಾಡಿ ನನ್ನ ಕೈಯಲ್ಲಿ," ಎಂದು ಗಟ್ಟಿಯಾಗಿ ಹೇಳುತ್ತಾನೆ. ಹೇಳದೆ ಒತ್ತಿದ್ದೇ ಇಲ್ಲ. ಕಲಿಯಲು ಬರುವ ಕಾಲೇಜು ಹುಡುಗಿಯರು ಅವನನ್ನು ಅನೌನ್ಸ್‌ಮೆಂಟ್ ಅಂಕಲ್ ಎನ್ನುತ್ತಾರೆ.

೨

(ಫ್ಲ್ಯಾಶ್‌ಬ್ಯಾಕ್. ನನಗೂ ಇಷ್ಟವಿಲ್ಲ. ಬೇರೆ ದಾರಿಯಿಲ್ಲ.)

ಹಡಗಿನಲ್ಲಿ ಒಂದು ಪದ್ಧತಿಯಿದೆ. ಬ್ರಿಜ್ ಎಂಬ ಮೇಲಿನ ಕೋಣೆಯಲ್ಲಿ ನಿಂತು ಹಡಗು ನಡೆಸುತ್ತಿರುವವನು ಎಷ್ಟೇ ಕಿರಿಯನಾಗಿರಲಿ, ಹಿರಿಯನೊಬ್ಬ ಬಂದು "ಹಡಗು ನನ್ನ ಕೈಯಲ್ಲಿ" ಎಂದು ಬಾಯಿಬಿಟ್ಟು ಹೇಳುವವರೆಗೆ ಹೊಣೆ ಅವನದೇ. ಹೇಳಿದ ಕ್ಷಣದಿಂದ ಹಿರಿಯನದು. ಕಣ್ಸನ್ನೆ, ಕೆಮ್ಮು, ಹುಬ್ಬು ಗಂಟಿಕ್ಕುವುದು ಯಾವುದೂ ಲೆಕ್ಕಕ್ಕಿಲ್ಲ.

ಮೂವತ್ತು ವರ್ಷದ ಹಿಂದೆ, ಮಟಮಟ ಮಧ್ಯಾಹ್ನ, ಹಡಗು ನಡೆಸುತ್ತಿದ್ದವನು ಈ ತಮ್ಮ. ಕಿರಿಯ ಅಧಿಕಾರಿ. ಕಪ್ತಾನರು ಊಟಕ್ಕೆ ಹೋಗಿದ್ದರು. ಕಾಫಿ ಲೋಟ ಹಿಡಿದು ಮೇಲೆ ಬಂದವರು ಕಪ್ತಾನರ ನಂತರದ ಎರಡನೆಯ ಅಧಿಕಾರಿ, ಅಂದರೆ ನಮ್ಮ ಅಡ್ಮಿರಲ್; ಆಗಷ್ಟೇ ಅವನ ಅಕ್ಕನನ್ನು ಮದುವೆಯಾಗಿದ್ದವರು. ಹಡಗು ಮರಳುದಿಬ್ಬದ ಕಡೆ ಹೋಗುತ್ತಿತ್ತು. ಹುಡುಗನಿಗೆ ಕಾಣಲಿಲ್ಲ. ಇವರು ಒಮ್ಮೆ ಕೆಮ್ಮಿದರು. ಹಡಗು ಮರಳಲ್ಲಿ ಹೂತು ನಿಂತಿತು.

ವಿಚಾರಣೆಯಲ್ಲಿ ಇವರನ್ನು ಕೇಳಿದರು: ನೀವು ಹಡಗನ್ನು ಕೈಗೆ ತೆಗೆದುಕೊಂಡಿದ್ದಿರಾ? "ಇಲ್ಲ," ಎಂದರು. ನಿಜವೇ. ಹೊಣೆ ಹುಡುಗನ ತಲೆಗೆ ಬಂತು, ಕೆಲಸ ಹೋಯಿತು. ಆ ನಿಜದ ಒಂದು ಬಾಗಿಲಿನಿಂದ ಅಡ್ಮಿರಲ್ ಹೊರಬಂದರು, ಇನ್ನೊಂದರಿಂದ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು.

(ವೃತ್ತಿಜೀವನ ವಿವರವಾಗಿ ಬೇಕೆಂದವರಿಗೆ: ಆಮೇಲೆ ಮೂರು ಹಡಗುಗಳ ಕಪ್ತಾನಿಕೆ, ಎದೆಯ ಮೇಲೆ ಎರಡು ಸಾಲು ಪದಕ, ದೊಡ್ಡ ಮೇಜು, ಇನ್ನೂ ದೊಡ್ಡ ಮೇಜು. ಸಾಕೇ?)

"ಯಾಕೆ ಸುಮ್ಮನಿದ್ರಿ ಸಾರ್?" ಎಂದು ಕೇಳಿದೆ.

"ಕಲೀಲಿ ಅಂತ. ಎಲ್ಲರ ಮುಂದೆ ಕೈಯಿಂದ ಕಸ್ಕೊಂಡ್ರೆ ಭಾವನೇ ಮರ್ಯಾದೆ ತೆಗೆದ ಅಂದ್ಕೊತಾನೆ ಅಂತ. ತಾನೇ ತಿರುಗಿಸ್ತಾನೆ ಅಂದ್ಕೊಂಡೆ, ಅಷ್ಟರಲ್ಲಿ..." ನಿಲ್ಲಿಸಿದರು. "ಅದನ್ನ ಹೊಡೆದುಹಾಕಿ."

ಹೊಡೆದುಹಾಕಿದೆ. (ನೀವು ಓದಿಬಿಟ್ಟಿರಿ. ಅದಕ್ಕೆ ನಾನು ಜವಾಬ್ದಾರನಲ್ಲ.)

ತಮ್ಮನಿಗಂತೂ ಓದಿಸುವಂತಿಲ್ಲ. ಅವನು ಕೇಳುವುದು ಅದೊಂದನ್ನೇ. "ಭಾವ ಆವತ್ತು ಕೆಮ್ಮಿದ್ರು. ದಿಬ್ಬ ನೋಡಿ ಕೆಮ್ಮಿದ್ರೋ, ಕಾಫಿ ನೆತ್ತಿಗೆ ಹತ್ತಿತ್ತೋ? ಅಷ್ಟು ಗೊತ್ತಾದ್ರೆ ಸಾಕು ನಂಗೆ. ಮೂವತ್ತು ವರ್ಷದಿಂದ ನಾವಿಬ್ರೂ ಬರೀ ಗ್ಯಾಸ್ ಸಿಲಿಂಡರ್ ಬಂತಾ ಅಂತ ಮಾತಾಡಿದೀವಿ."

೪ (ಮೂರನ್ನು ಅಡ್ಮಿರಲ್ ಹೊಡೆದುಹಾಕಿಸಿದರು.)

ಮುಕ್ತಾಯ ಅ: ಅಡ್ಮಿರಲ್ ಕಾರು ನಿಲ್ಲಿಸಿ, "ನೋಡಿದ್ದೆ ಕಣೋ," ಎನ್ನುತ್ತಾರೆ. ಇಬ್ಬರೂ ಅಳುತ್ತಾರೆ.

"ನಾನು ಯಾರಿಗ್ರೀ ಕಣೋ ಅಂದಿದೀನಿ?" ಎಂದರು ಅಡ್ಮಿರಲ್. "ನಾನು ಅಳೋನಲ್ಲ," ಎಂದ ತಮ್ಮ. ಈ ಜನ್ಮದಲ್ಲಿ ಇಬ್ಬರೂ ಒಪ್ಪಿದ ಸಂಗತಿ ಅದೊಂದೇ, ನನ್ನ ಮುಕ್ತಾಯ ಚೆನ್ನಾಗಿಲ್ಲವೆಂದು.

ಮುಕ್ತಾಯ ಆ: ಅಡ್ಮಿರಲ್ ತೀರಿಹೋಗುತ್ತಾರೆ, ಹೇಳಬೇಕಿದ್ದ ಮಾತು ಹೇಳದೆಯೇ ಉಳಿಯುತ್ತದೆ.

"ನಿಮಗೆ ಬರೆಯೋಕೆ ಬರದಿದ್ರೆ ನನ್ನ ಗಂಡನ್ನ ಯಾಕ್ರೀ ಸಾಯಿಸ್ತೀರಿ?" ಎಂದರು ಅಕ್ಕ.

ರದ್ದು.

೫

ಆದ್ದರಿಂದ ಕಂಡದ್ದನ್ನಷ್ಟೇ ಬರೆಯುತ್ತೇನೆ. ಖಾಲಿ ಮೈದಾನ. ಸ್ಟಿಯರಿಂಗ್ ಹಿಡಿದವರು ಅಡ್ಮಿರಲ್, ಪಕ್ಕದಲ್ಲಿ ತಮ್ಮ, ಹಿಂದೆ ಅಕ್ಕ. ಅವರ ಪಕ್ಕ ನೋಟ್‌ಪ್ಯಾಡ್ ಹಿಡಿದ ನಾನು, ಯಾರೂ ಕರೆಯದಿದ್ದರೂ.

ಕಾರು ಎರಡನೇ ಗೇರಿನಲ್ಲಿ ನೀರಿನ ಟ್ಯಾಂಕಿನ ಗೋಡೆಯತ್ತ ಹೊರಟಿತು. ಅಡ್ಮಿರಲ್ ಕಣ್ಣು ಗೇರಿನ ಮೇಲೆ. ತಮ್ಮ ಗೋಡೆ ನೋಡಿದ. ಕಾಲು ಬ್ರೇಕಿನ ಮೇಲೆ ಹೋಯಿತು. ಅಭ್ಯಾಸಬಲದಿಂದ ಬಾಯಿ ತೆರೆದ. ಮುಚ್ಚಿಕೊಂಡ.

ಕೆಮ್ಮಿದ.

(ನಾನು ಬರೆಸಿದ್ದಲ್ಲ, ಆಣೆಗೂ.)

ಗೋಡೆ ಹತ್ತಿರ ಬಂತು. ಅಕ್ಕ ಎರಡು ಸೀಟುಗಳ ನಡುವೆ ಕೈಚಾಚಿ ಹ್ಯಾಂಡ್‌ಬ್ರೇಕ್ ಎಳೆದರು. ಕಾರು ಮುಗ್ಗರಿಸಿ, ಗೋಡೆಗೆ ಗೇಣು ದೂರದಲ್ಲಿ ಆಫ್ ಆಯಿತು.

"ಗೋಡೆ ಕಾಣ್ತಾ ಇತ್ತು ತಾನೆ ನಿಂಗೆ?" ಎಂದರು ಅಡ್ಮಿರಲ್, ಮೈಯೆಲ್ಲ ಬೆವರಿ. "ಬಾಯಿಬಿಟ್ಟು ಹೇಳೋಕೆ ಏನು ರೋಗ ನಿಂಗೆ?"

"ಕೆಮ್ಮಿದ್ನಲ್ಲ, ಭಾವ."

ಅಡ್ಮಿರಲ್ ಕೈ ಸ್ಟಿಯರಿಂಗ್ ಮೇಲೇ ಇತ್ತು. ತಮ್ಮನ ಕಡೆ ತಿರುಗಿ ಬಾಯಿ ತೆರೆದರು. ಇಲ್ಲಿ ಹಾಕಲೆಂದು ನನ್ನ ಬಳಿ ನಾಲ್ಕು ವಾಕ್ಯ ಸಿದ್ಧವಿದ್ದವು. ಪೆನ್ನಿನ ಕ್ಯಾಪ್ ತೆಗೆದೆ.

"ರೈಟರ್ರೇ," ಎಂದರು ಅಕ್ಕ. "ನೀವು ಸ್ವಲ್ಪ ಇಳೀರಿ."

"ಮೇಡಂ, ಇದು ನನ್ನ ಕಥೆ..."

"ಇಳೀರಿ ಅಂದ್ರೆ ಇಳೀರಿ."

ಇಳಿದೆ. ಕಿಟಕಿಯ ಗಾಜು ಮೇಲೇರಿತು. ಗಾಜಿನಲ್ಲಿ ಆಕಾಶ ಕಾಣಿಸಿತು, ನನ್ನ ಮುಖ ಕಾಣಿಸಿತು, ಒಳಗಿನವರು ಕಾಣಲಿಲ್ಲ.

ಒಳಗೆ ಯಾರೋ ಕೆಮ್ಮಿದರು. ಯಾರೆಂದು ನನ್ನನ್ನು ಕೇಳಬೇಡಿ.