ಗವಿ ಅಂತಲೇ ಬರೆಯಿರಿ

ಲಲಿತಮ್ಮ ಗವಿಯಿಂದ ತೆವಳಿಕೊಂಡು ಹೊರಗೆ ಬಂದಾಗ ಕೆಳಗೆ ಕೊಳದ ಬಳಿ ತಮಟೆ ಬಡಿಯುತ್ತಿತ್ತು.

ಬೆಳಿಗ್ಗೆ ಅವರು ಗವಿಯೊಳಗಿನ ಹರಿವಿಗೆ ಮಿಠಾಯಿಗೆ ಹಾಕುವ ಕೆಂಪು ಬಣ್ಣ ಕದಡಿದ್ದರು. ಬೆಟ್ಟದೊಳಗಿನ ಆ ನೀರೇ ಊರಿನ ಕೊಳಕ್ಕೆ ಬರುತ್ತದೆ ಎಂದು ತೋರಿಸುವುದಿತ್ತು. ಬಣ್ಣವೇನೋ ಬಂದಿತ್ತು. ಆದರೆ ಕೊಳದ ಮೆಟ್ಟಿಲ ಮೇಲೆ ಹೆಂಗಸರು ಕರ್ಪೂರ ಹಚ್ಚಿದ್ದರು.

1996ರ ಮಳೆಗಾಲ. ಪಾಂಡವಪುರ ತಾಲ್ಲೂಕಿನ ಗವಿಕೊಪ್ಪಲಿನ ಬೆಟ್ಟವನ್ನು ಕಲ್ಲುಗಣಿಗೆ ಕೇಳಿದ್ದ ಗುತ್ತಿಗೆದಾರ ಮೋಹನ್ ಕುಮಾರ್, ಅಲ್ಲಿ ಗವಿಯೇ ಇಲ್ಲ, ಬಂಡೆಗಳ ನಡುವೆ ಒಂದು ಸಂದಿ ಇದೆ ಅಷ್ಟೆ ಎಂದು ಅರ್ಜಿಯಲ್ಲಿ ಹೇಳಿದ್ದ. ಅದನ್ನು ಪರಿಶೀಲಿಸಲು ಅಂದು ಗಣಿ ಇಲಾಖೆಯ ಅಧಿಕಾರಿ ರಾಮಚಂದ್ರ ಬರುವವರಿದ್ದರು. ಗವಿ ಇದೆ ಎಂದು ಅವರು ಬರೆದರೆ ಅರ್ಜಿ ಬಿದ್ದುಹೋಗುತ್ತಿತ್ತು.

ಲಲಿತಮ್ಮ ನಾಗಮಂಗಲದ ಅಕ್ಕಸಾಲಿಗರ ಮನೆಯ ಮಗಳು. ಕೆ.ಆರ್. ಪೇಟೆಯ ಕಾಲೇಜೊಂದರಲ್ಲಿ ಭೂವಿಜ್ಞಾನ ಕಲಿಸುತ್ತ, ರಜೆಗಳನ್ನೆಲ್ಲ ಗವಿಗಳಲ್ಲಿ ಕಳೆದವರು. ಮದುವೆಯಾಗಿರಲಿಲ್ಲ. ಗುಹೆ ಎಂದರೆ ಸುಣ್ಣಕಲ್ಲಿನದು, ಗ್ರಾನೈಟ್ ಬೆಟ್ಟದಲ್ಲಿ ಅಧ್ಯಯನಕ್ಕೆ ಏನಿದೆ ಎಂದು ಸಮ್ಮೇಳನಗಳಲ್ಲಿ ನಕ್ಕವರಿದ್ದರು. ಬಂಡೆಯ ಬಿರುಕು ಕೊಳೆತು ಮಣ್ಣಾಗಿ, ಆ ಮಣ್ಣು ಕೊಚ್ಚಿಹೋಗಿ, ಉಳಿದ ಗುಂಡುಕಲ್ಲುಗಳ ನಡುವೆ ನೀರು ದಾರಿ ಮಾಡಿಕೊಂಡರೆ ಅದೂ ಗುಹೆಯೇ ಎಂದು ಅವರು ಇಪ್ಪತ್ತು ವರ್ಷದಿಂದ ವಾದಿಸುತ್ತ ಬಂದಿದ್ದರು.

ಬಣ್ಣದ ವಿಷಯವನ್ನು ಹಿಂದಿನ ದಿನ ಅರಳಿಕಟ್ಟೆಯಲ್ಲಿ ಗಂಡಸರಿಗೆ ತಿಳಿಸಿದ್ದರು. ನೀರಿಗೆ ಬರುವವರು ಹೆಂಗಸರು. ಅವರಿಗೆ ಯಾರೂ ಹೇಳಿರಲಿಲ್ಲ.

"ಗವಿಯಮ್ಮ ಕುಂಕುಮ ಬುಟ್ಟವ್ಳೆ ಕಣ್ರವ್ವೋ!" ಎಂದು ಗವಿಯ ಬಾಯಲ್ಲಿ ದೀಪ ಹಚ್ಚುವ ಮುದುಕಿ ಪುಟ್ಟತಾಯಮ್ಮ ಕೂಗುತ್ತಿದ್ದಳು.

ಪಂಚಾಯಿತಿ ಅಧ್ಯಕ್ಷ ಚಿಕ್ಕಸ್ವಾಮಿ ಲಲಿತಮ್ಮನವರನ್ನು ಪಕ್ಕಕ್ಕೆ ಕರೆದ.

"ಮೇಡಮ್ಮೋರೇ, ಬಾಯ್ ಬುಡ್ಬೇಡಿ. ಅಮ್ಮ ಮುನಿಸ್ಕಂಡವ್ಳೆ ಅಂದ್ರೆ ಯಾವನ್ ಬೆಟ್ಟಕ್ಕೆ ಮದ್ದು ಇಡ್ತಾನೆ? ನಿಮ್ ಗವಿ ಉಳೀತದೆ."

"ನಾನು ಹಾಕಿದ್ದು ಅಂತ ನಿಮಗೆ ಗೊತ್ತಲ್ಲ."

"ಗೊತ್ತಿದ್ರೇನಂತೆ? ನಾವು ಗಂಡಸ್ರು ಯಾರೂ ಹೇಳಕ್ಕಿಲ್ಲ ಬುಡಿ."

ಅಷ್ಟರಲ್ಲಿ ಜೀಪು ಬಂತು. ಅಧಿಕಾರಿಯ ಹಿಂದೆಯೇ ಇಳಿದ ಮೋಹನ್ ಕುಮಾರ್ ಕೆಂಪು ನೀರನ್ನು ನೋಡಿ, ಚಪ್ಪಲಿ ಬಿಟ್ಟು ಕೈಮುಗಿದ.

"ತಾಯಿ ಮುನಿದಿದ್ರೆ ಶಾಂತಿ ಮಾಡಿಸೋಣ. ರಸ್ತೆ ಪಕ್ಕ ಕಲ್ಲಿನ ಗುಡಿ ನಾನೇ ಕಟ್ಟಿಸ್ಕೊಡ್ತೀನಿ. ಅಮ್ಮನ್ನ ಅಲ್ಲಿ ಕೂರಿಸೋಣ."

ಕೆಲವರು ತಲೆಯಾಡಿಸಿದರು. ಚಿಕ್ಕಸ್ವಾಮಿಯ ಮುಖ ಇಳಿಯಿತು.

ಲಲಿತಮ್ಮ ಮೆಟ್ಟಿಲ ಮೇಲೆ ನಿಂತು ಕೆಂಪಾಗಿದ್ದ ಎರಡೂ ಅಂಗೈ ಎತ್ತಿ ತೋರಿಸಿದರು. "ಇದು ಕುಂಕುಮ ಅಲ್ಲ, ಮಿಠಾಯಿ ಬಣ್ಣ. ಗವಿಯೊಳಗೆ ನಾನೇ ಹಾಕಿದ್ದು. ಗುಡಿ ಎಲ್ಲಿ ಬೇಕಾದರೂ ಕಟ್ಟಬಹುದು. ಈ ನೀರನ್ನ ರಸ್ತೆ ಪಕ್ಕ ಕೂರಿಸೋಕಾಗುತ್ತಾ?"

ತಮಟೆ ನಿಂತಿತು.

"ದೇವ್ರಿಗೇ ಬಣ್ಣ ಬಳಿಯಕ್ಕೆ ಬಂದವ್ಳೆ!" ಎಂದು ಒಬ್ಬಳು ಬೈದಳು. "ಬಾವಲಿ ಜೊತೆ ಇದ್ದೂ ಇದ್ದೂ ತಲೆಕೆಳಗಾಗೋಗವ್ಳೆ" ಎಂದ ಇನ್ನೊಬ್ಬ. ಜನ ನಕ್ಕರು.

ಮೋಹನ್ ಕುಮಾರ್‌ನೂ ನಕ್ಕ. "ಕೇಳಿದ್ರಾ ಸಾರ್? ಗವಿಯೊಳಗೆ ಅಂತೆ. ನೇರ ಕೊಳಕ್ಕೇ ಸುರಿದಿರ್ತಾರೆ."

"ಹಾಗಾದರೆ ಇನ್ನೊಂದು ಸಲ" ಎಂದರು ಲಲಿತಮ್ಮ. "ನಾನು ಇಲ್ಲಿಂದ ಕದಲಲ್ಲ. ಬಣ್ಣ ಪುಟ್ಟತಾಯಮ್ಮ ಆರಿಸಲಿ. ಒಳಗೆ ಹೋಗಿ ಈ ಅಧಿಕಾರಿಗಳೇ ಹಾಕಲಿ."

ಅಧಿಕಾರಿ ತಮ್ಮ ಇಸ್ತ್ರಿ ಪ್ಯಾಂಟು ನೋಡಿಕೊಂಡರು.

"ಬಣ್ಣ ಬರದಿದ್ರೆ?" ಮೋಹನ್ ಕುಮಾರ್ ಕೇಳಿದ.

"ಗವಿ ಇಲ್ಲ ಅಂತ ನಾನೇ ಸಹಿ ಹಾಕ್ತೀನಿ."

ಲಲಿತಮ್ಮನವರ ಚೀಲದಲ್ಲಿ ಹಳದಿ, ಹಸಿರು ಪೊಟ್ಟಣಗಳಿದ್ದವು. ಪುಟ್ಟತಾಯಮ್ಮ ಹಸಿರನ್ನು ಎತ್ತಿ ಅಧಿಕಾರಿಯ ಕೈಗೆ ಹಾಕಿದಳು. ಲಲಿತಮ್ಮ ತಮ್ಮ ತಲೆದೀಪ ಬಿಚ್ಚಿ ಅವರಿಗೆ ಕಟ್ಟಿ, ಎಲ್ಲಿ ಮಲಗಿ ತೆವಳಬೇಕು, ಎಲ್ಲಿ ಎದ್ದು ನಿಲ್ಲಬಹುದು ಎಂದು ಹೇಳಿ ಕಳಿಸಿದರು.

ಕೆಂಪು ತೆಳುವಾಗುತ್ತ ಹೋಗಿ ಕೊಳ ತಿಳಿಯಾಯಿತು. ಆಮೇಲೂ ತಿಳಿಯಾಗಿಯೇ ಇತ್ತು. ಮೋಹನ್ ಕುಮಾರ್ ಜೀಪಿಗೊರಗಿ ಸಿಗರೇಟು ಹಚ್ಚಿದ. ಪುಟ್ಟತಾಯಮ್ಮ ಲಲಿತಮ್ಮನವರ ಪಕ್ಕದಲ್ಲೇ ಕಾವಲು ಕೂತಿದ್ದಳು.

"ಸುಳ್ಳಾದ್ರೆ ನಿನ್ನ ಇದ್ರೊಳಕ್ಕೇ ನೂಕ್ತೀನಿ ಕಣವ್ವ."

"ನೂಕಿ. ಮದ್ದು ಸಿಡಿಸಿದ ಮೇಲಾದರೆ ನೂಕೋಕೆ ನೀರೂ ಇರಲ್ಲ."

ಮುದುಕಿ ಬಗ್ಗಿ ನೀರನ್ನೇ ನೋಡುತ್ತಿದ್ದಳು. ಮೊದಲು ಕಂಡದ್ದೂ ಅವಳಿಗೇ. ಮೂಲೆಯ ಚಪ್ಪಡಿಯ ಅಡಿಯಿಂದ ದಾರದಂತೆ ಒಂದು ಹಸಿರು ಎಳೆ ಹೊರಟಿತು. ನೋಡುತ್ತಿದ್ದಂತೆ ಅಗಲವಾಗಿ ಮೆಟ್ಟಿಲಿನವರೆಗೆ ಹರಡಿತು.

"ಬಣ್ಣ ನಿಂದು" ಎಂದಳು ಪುಟ್ಟತಾಯಮ್ಮ. "ನೀರು ನಮ್ಮವ್ವಂದು."

ಅದಕ್ಕೆ ಲಲಿತಮ್ಮ ತಕರಾರು ಮಾಡಲಿಲ್ಲ.

ಅಧಿಕಾರಿ ಇಳಿದು ಬಂದರು. ಪ್ಯಾಂಟಿನ ಮಂಡಿ ಹರಿದಿತ್ತು, ತಲೆಗೂದಲಿಗೆ ಬಾವಲಿ ಹಿಕ್ಕೆ ಮೆತ್ತಿತ್ತು. ಕೈಗಳು ಹಸಿರಾಗಿದ್ದವು.

"ಸಂದೀಲೂ ನೀರು ಹರೀತದೆ ಸಾರ್" ಎಂದ ಮೋಹನ್ ಕುಮಾರ್.

"ಸಂದಿ ಅನ್ನೋದಾದರೆ ನೀವೂ ಒಂದು ಸಲ ಒಳಗೆ ಹೋಗಿ ಬನ್ನಿ" ಎನ್ನುತ್ತ ಲಲಿತಮ್ಮ ಅಧಿಕಾರಿ ಬಿಚ್ಚಿಕೊಟ್ಟ ತಲೆದೀಪವನ್ನು ಅವನತ್ತ ಚಾಚಿದರು. ಅವನು ಕೈ ನೀಡಲಿಲ್ಲ. ಅವರು ಅಧಿಕಾರಿಯತ್ತ ತಿರುಗಿದರು. "ಗವಿ ಅಂತಲೇ ಬರೆಯಿರಿ."

ಅಧಿಕಾರಿ ಜೀಪಿನ ಬಾನೆಟ್ ಮೇಲೆ ಕಾಗದವಿಟ್ಟು ಹಾಗೆಯೇ ಬರೆದರು. ಅಂಚಿನಲ್ಲಿ ಹಸಿರು ಹೆಬ್ಬೆಟ್ಟು ಮೂಡಿತು. ಒರೆಸಲು ನೋಡಿದರು, ಹೋಗಲಿಲ್ಲ.