ಮಾಸ್ತರ ನಿದ್ದೆ, ಮಗಳ ನಿದ್ದೆ

ಟೈಲರ್ ಮಾಸ್ತರಿಗೆ ಅರವತ್ತಾರು ತುಂಬಿದ ವರ್ಷ ಅವರ ನಿದ್ದೆ ಹೇಳದೆ ಕೇಳದೆ ಕೈಬಿಟ್ಟು ಹೋಯಿತು.

ಅದಕ್ಕೆ ಮುಂಚೆ ಅವರ ನಿದ್ದೆ ಇಡೀ ಬೀದಿಗೆ ಗೊತ್ತಿದ್ದ ಸಂಗತಿ. ಚಿಕ್ಕವರಿದ್ದಾಗ ಅವರಮ್ಮ ಅವರನ್ನು ‘ಕೊರಡು’ ಎಂದೇ ಕರೆಯುತ್ತಿದ್ದಳು. ಕೆಲಸ ಕಲಿಯುವ ಕಾಲದಲ್ಲಿ ಬಸ್ಸು ಹತ್ತಿ ಕೂತರೆ ಸಾಕು, ಕೊನೆಯ ಸ್ಟಾಪಿನಲ್ಲಿ ಕಂಡಕ್ಟರೇ ಭುಜ ಹಿಡಿದು ಅಲ್ಲಾಡಿಸಿ ಇಳಿಸಬೇಕು. ಮದುವೆಯ ದಿನವಂತೂ ವರನೇ ನಾಪತ್ತೆ. ಹೆಣ್ಣಿನ ಕಡೆಯವರು ಮುಖ ಮುಖ ನೋಡಿಕೊಂಡರು, ಗಂಡಿನ ಕಡೆಯವರು ನೆಲ ನೋಡಿದರು. ಒಂದು ಗಂಟೆ ಹುಡುಕಾಡಿದ ಮೇಲೆ ಮದುಮಗಳೇ ಎದ್ದು, ನೆಂಟರು ಕೋಟು ಬಿಚ್ಚಿ ರಾಶಿ ಹಾಕಿದ್ದ ಕೋಣೆಗೆ ಹೋಗಿ, ರಾಶಿಯೊಳಗಿಂದ ಬರುತ್ತಿದ್ದ ಗೊರಕೆಯ ಜಾಡು ಹಿಡಿದು, ಗಂಡನಾಗುವವನ ಕಿವಿ ಹಿಂಡಿ ಎಬ್ಬಿಸಿದ್ದಳು. ಅಂದು ಹಿಡಿದ ಆ ಕೆಲಸವನ್ನು ಮೂವತ್ತೆಂಟು ವರ್ಷ ಒಂದು ದಿನವೂ ತಪ್ಪಿಸಲಿಲ್ಲ.

ಈಗ ನೋಡಿದರೆ, ನಾಲ್ಕಕ್ಕೆ ಇನ್ನೂ ಹತ್ತು ನಿಮಿಷ ಇರುವಾಗಲೇ ಮಾಸ್ತರ ಕಣ್ಣು ತಂತಾನೇ ಬಿಟ್ಟುಕೊಳ್ಳುತ್ತಿತ್ತು. ಬಲಕ್ಕೆ ಹೊರಳಿದರು, ಎಡಕ್ಕೆ ಹೊರಳಿದರು, ದಿಂಬು ಮಗುಚಿ ಹಾಕಿದರು. ನೂರರಿಂದ ಕೆಳಕ್ಕೆ ಎಣಿಸಿದರು. ಸೊನ್ನೆ ಬಂತೇ ಹೊರತು ನಿದ್ದೆ ಬರಲಿಲ್ಲ. ಎದ್ದು ಅಡಿಗೆಮನೆಗೆ ಹೋಗಿ, ಸದ್ದಾಗಬಾರದೆಂದು ತುದಿಗಾಲಲ್ಲಿ ನಡೆದು, ಕೆಟಲ್ಲಿನ ಮುಚ್ಚಳವನ್ನು ಬೀಳಿಸಿದರು. ಸದ್ದು ಮಾಡಬಾರದೆಂದು ಹೊರಟವನ ಕೈಗೇ ಲೋಕದ ಮುಚ್ಚಳಗಳೆಲ್ಲ ಬಂದು ಸಿಗುತ್ತವೆ.

“ರೀ,” ಒಳಗಿನಿಂದ ಹೆಂಡತಿಯ ದನಿ. “ಕಳ್ಳ ಬಂದಿದ್ರೆ ಅವನಾದ್ರೂ ಮೆತ್ತಗೆ ಓಡಾಡ್ತಿದ್ದ.”

ಹೆಂಡತಿ ಅಂಚೆ ಕಚೇರಿಯಲ್ಲಿ ಕಾಗದ ಬೇರ್ಪಡಿಸುವ ವಿಭಾಗದಲ್ಲಿ ದುಡಿದು, ಎರಡು ವರ್ಷದ ಕೆಳಗೆ ನಿವೃತ್ತಳಾದವಳು. ಅಷ್ಟೂ ವರ್ಷ ಬೆಳಗಿನ ಪಾಳಿ, ಐದಕ್ಕೆ ಏಳಲೇಬೇಕು. ನಿವೃತ್ತಿಯ ಮರುದಿನ ಅಲಾರಂ ಗಡಿಯಾರದ ಸೆಲ್ಲು ತೆಗೆದು ಟಾರ್ಚಿಗೆ ಹಾಕಿದಳು. “ಇಷ್ಟು ವರ್ಷ ಅದು ನನ್ನನ್ನ ಎಬ್ಬಿಸ್ತು, ನಾನು ನಿಮ್ಮನ್ನ ಎಬ್ಬಿಸ್ದೆ. ಇನ್ಮೇಲೆ ಬಿಸಿಲು ಬಂದು ಕೆನ್ನೆ ಸುಟ್ರೆ ಏಳ್ತೀನಿ,” ಎಂದಿದ್ದಳು. ಹೇಳಿದಂತೆ ಎಂಟಕ್ಕೆ ಮುಂಚೆ ಏಳುತ್ತಿರಲಿಲ್ಲ. ಗಂಡ ಹೆಂಡಿರ ನಿದ್ದೆ ಅದಲು ಬದಲಾಗಿತ್ತು.

ಇನ್ನು ಮಗಳು. ಇಪ್ಪತ್ತಾರರ ಹುಡುಗಿ, ಕತ್ತರಿ ಹಿಡಿದರೆ ಅಪ್ಪನಿಗಿಂತ ಒಂದು ಕೈ ಮೇಲು. ಆದರೆ ಅವಳ ತಲೆ ಚುರುಕಾಗುವುದೇ ಸಂಜೆಯ ಮೇಲೆ. ಮಲಗುವಾಗ ಒಂದಾಗುತ್ತಿತ್ತು, ಅಂಗಡಿಗೆ ಬರುವಾಗ ಹತ್ತೂವರೆ. ಬಂದ ಮೇಲೂ ಒಂದು ಲೋಟ ಚಹಾ ಹೊಟ್ಟೆಗೆ ಬೀಳುವ ತನಕ ಅವಳೊಡನೆ ಮಾತಾಡುವುದೂ ಒಂದೇ, ಇಸ್ತ್ರಿಪೆಟ್ಟಿಗೆಯೊಡನೆ ಮಾತಾಡುವುದೂ ಒಂದೇ.

ಮಾಸ್ತರಿಗೆ ಬೆಳಗಿನ ಹೊತ್ತೇನೋ ಹೇಗೋ ಸಾಗುತ್ತಿತ್ತು. ತೊಂದರೆಯೆಲ್ಲ ಮಧ್ಯಾಹ್ನದ್ದು. ಎರಡು ಗಂಟೆ ಹೊಡೆದರೆ ರೆಪ್ಪೆಗಳಿಗೆ ಯಾರೋ ಕಲ್ಲು ಕಟ್ಟಿದಂತಾಗುತ್ತಿತ್ತು.

ಆ ತಿಂಗಳು ಊರಿನ ಅಗ್ನಿಶಾಮಕ ದಳದ ಬ್ಯಾಂಡಿನವರು ತಮ್ಮ ಮೆರವಣಿಗೆಗೆಂದು ಹದಿನೆಂಟು ಕೆಂಪು ಕೋಟು ಹೊಲಿಯಲು ಕೊಟ್ಟಿದ್ದರು. ಬ್ಯಾಂಡಿನ ಮುಖ್ಯಸ್ಥರು ಕಹಳೆ ಊದುವವರು. ಬೀದಿಯವರ ಬಾಯಲ್ಲಿ ಕಹಳೆ ಸಾಹೇಬರು. ಆಳು ಎತ್ತರ, ಹೊಟ್ಟೆ ಅದಕ್ಕೆ ತಕ್ಕಂತೆ. ಅವರು ಅಳತೆ ಕೊಡಲು ಬಂದದ್ದು ಮಧ್ಯಾಹ್ನ ಎರಡೂಕಾಲಿಗೆ. ಮಗಳು ದಾರದ ಉಂಡೆ ತರಲು ಹೋಗಿದ್ದಳು. ಮಾಸ್ತರು ಎದೆ ಅಳೆದರು, ಭುಜ ಅಳೆದರು, “ಕೈ ಸ್ವಲ್ಪ ಮೇಲೆತ್ತಿ” ಎಂದು ಮಂಡಿಯೂರಿ ಸೊಂಟದ ಸುತ್ತ ಟೇಪು ಹಾಯಿಸಿದರು. ಟೇಪಿನ ಆಚೆಯ ತುದಿ ಹಿಡಿಯಲು ತಲೆಯನ್ನು ಹೊಟ್ಟೆಗೆ ಆನಿಸಬೇಕಾಯಿತು. ಬೆಚ್ಚಗಿತ್ತು. ಮೆತ್ತಗಿತ್ತು. ಅಲ್ಲಿಗೆ ಮುಗಿಯಿತು.

ಇಪ್ಪತ್ತು ನಿಮಿಷದ ಮೇಲೆ ಮಗಳು ಬಾಗಿಲು ತಳ್ಳಿಕೊಂಡು ಬಂದಾಗ ಕಹಳೆ ಸಾಹೇಬರು ಎರಡೂ ಕೈ ಮೇಲೆತ್ತಿಕೊಂಡು, ಪೊಲೀಸರ ಕೈಗೆ ಸಿಕ್ಕವರಂತೆ ನಿಂತಿದ್ದರು. ಬೆವರು ಇಳಿಯುತ್ತಿತ್ತು.

“ಶ್!” ಎಂದರು ಅವರು, ತುಟಿಯನ್ನಷ್ಟೇ ಆಡಿಸಿ. “ನಮ್ಮನೇಲಿ ಮೂರು ತಿಂಗಳ ಮಗು ಇದೆಯಮ್ಮ. ಮಲಗಿದವರನ್ನ ಎಬ್ಬಿಸೋಕೆ ನಂಗೆ ಮನಸ್ಸೇ ಬರಲ್ಲ.”

ಎಚ್ಚರವಾದ ಮೇಲೆ ಮಾಸ್ತರಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಮಗಳು ಮಾತ್ರ ಮರುದಿನವೇ ಹಿಡಿದುಕೊಂಡು ಹೋಗಿ ಡಾಕ್ಟರಮ್ಮನ ಮುಂದೆ ಕೂರಿಸಿದಳು. ಡಾಕ್ಟರಮ್ಮ ನಾಡಿ ನೋಡಿದರು, ರಕ್ತದೊತ್ತಡ ನೋಡಿದರು, ಊಟ ತಿಂಡಿ ಕೇಳಿದರು.

“ಕಾಯಿಲೆ ಏನೂ ಇಲ್ಲ ಮಾಸ್ತರೇ. ವಯಸ್ಸಾದ ಹಾಗೆ ತುಂಬಾ ಜನಕ್ಕೆ ನಿದ್ದೆಯ ಹೊತ್ತು ಹಿಂದಕ್ಕೆ ಸರಿಯುತ್ತೆ. ಸಂಜೆ ಬೇಗ ತೂಕಡಿಕೆ, ಬೆಳಗ್ಗೆ ಬೇಗ ಎಚ್ಚರ. ಮಧ್ಯಾಹ್ನ ಅರ್ಧ ಗಂಟೆ ಅಡ್ಡಾಗಿ.”

“ಅದಿರಲಿ, ಇವಳು ಒಂಬತ್ತೂವರೆ ತನಕ ಬಿದ್ದಿರ್ತಾಳಲ್ಲ, ಅದಕ್ಕೇನಾದ್ರೂ ಮಾತ್ರೆ ಉಂಟಾ?”

“ಅವರ ವಯಸ್ಸಿಗೆ ಅದೂ ಸಹಜವೇ,” ಎಂದು ಡಾಕ್ಟರಮ್ಮ ನಕ್ಕರು. ದಾರಿಯುದ್ದಕ್ಕೂ ಮಗಳ ಮುಖ ಗೆದ್ದವರ ಮುಖ.

ಆದರೆ ಅರ್ಧ ಗಂಟೆ ಅಡ್ಡಾಗುವುದೆಂದರೆ ಮಾಸ್ತರಿಗೆ ಅವಮಾನ. ಹಗಲು ಹೊತ್ತು ಅಂಗಡಿಯಲ್ಲಿ ಮಲಗಿದರೆ ಜನ ಏನಂದಾರು? ಕಣ್ಣಿಗೆ ನೀರು ಚಿಮುಕಿಸಿಕೊಂಡು ಮಷೀನಿನ ಮುಂದೆ ಕೂತರು. ವಾರಪೂರ್ತಿ ಹಾಗೇ ಕೂತರು. ಕೂತಿದ್ದರ ಫಲ ಮೆರವಣಿಗೆಗೆ ಮೂರು ದಿನ ಇರುವಾಗ ಗೊತ್ತಾಯಿತು. ಮಗಳು ಗುಂಡಿ ಹಚ್ಚಲು ಒಂದು ಕೋಟನ್ನು ಬೊಂಬೆಗೆ ತೊಡಿಸಿದಳು. ಕೋಟಿನ ಎರಡು ತೋಳುಗಳೂ ಹಿಂದಕ್ಕೆ ತಿರುಗಿಕೊಂಡವು. ಎಡದ ತೋಳು ಬಲಕ್ಕೆ, ಬಲದ್ದು ಎಡಕ್ಕೆ. ಇನ್ನೊಂದು ತೆಗೆದಳು. ಅದೂ ಅಷ್ಟೇ. ಒಟ್ಟು ಒಂಬತ್ತು ಕೋಟು. ಒಂಬತ್ತೂ ಮಧ್ಯಾಹ್ನ ಎರಡರ ಮೇಲೆ ಹೊಲಿದವು.

“ಅಪ್ಪಾ! ಇದನ್ನ ಹಾಕ್ಕೊಂಡ್ರೆ ಬ್ಯಾಂಡಿನವರು ಬೆನ್ನ ಹಿಂದೆ ಡೋಲು ಬಾರಿಸ್ಬೇಕಾಗುತ್ತೆ!”

ಮಾಸ್ತರು ಕೋಟನ್ನು ತಿರುಗಿಸಿ ಮುರುಗಿಸಿ ನೋಡಿದರು. ನಲವತ್ತೆಂಟು ವರ್ಷದ ಕಸುಬು. ಇಂಥ ತಪ್ಪು ಅವರ ಕೈಯಿಂದ ಕಲಿಯುವಾಗಲೂ ಆಗಿರಲಿಲ್ಲ. ಅವಮಾನ ಮಗಳಿಗೆ ಕಾಣಬಾರದೆಂದು ದನಿ ಏರಿಸಿದರು.

“ನೀನು ಬೆಳಗ್ಗೆ ಹೊತ್ತಿಗೆ ಸರಿಯಾಗಿ ಬಂದಿದ್ರೆ ನಾನು ಮಧ್ಯಾಹ್ನ ಹೊಲಿಯೋ ಗತಿ ಯಾಕೆ ಬರ್ತಿತ್ತು?”

“ನೀನು ತೂಕಡಿಸ್ತಾ ಹೊಲಿದು ನನ್ನ ಮೇಲೆ ಹಾಕ್ತೀಯಾ? ರಾತ್ರಿ ಹತ್ತು ಗಂಟೆ ತನಕ ಕಾಜ ಹಾಕಿದ್ದು ಯಾರು?”

“ಹತ್ತಕ್ಕೆ ಯಾವ ಮನುಷ್ಯ ಕೆಲಸ ಮಾಡ್ತಾನೆ?”

“ನಾಲ್ಕಕ್ಕೆ ಯಾವ ಮನುಷ್ಯ ಕೆಟಲ್ ಬೀಳಿಸ್ತಾನೆ?”

ಜಗಳ ಎದುರುಗಡೆಯ ಚಪ್ಪಲಿ ಅಂಗಡಿಗೂ ಕೇಳಿಸಿತು. ಚಪ್ಪಲಿ ಅಂಗಡಿಯವರು ಮನೆಗೆ ಫೋನು ಮಾಡಿದರು. ಕಾಲು ಗಂಟೆಯಲ್ಲಿ ಹೆಂಡತಿ ಬಂದು ಕತ್ತರಿಸುವ ಮೇಜಿನ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು. ಇಬ್ಬರ ದೂರನ್ನೂ ಪೂರ್ತಿ ಕೇಳಿದಳು. ಆಮೇಲೆ ಒಂದು ಕೋಟಿನ ತೋಳೊಳಗೆ ಕೈ ತೂರಿಸಿ, ಹಿಂದಕ್ಕೆ ತಿರುಗಿದ ತನ್ನ ಕೈಯನ್ನೇ ನೋಡಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ತಂದೆ ಮಗಳು ಇಬ್ಬರಿಗೂ ಸಿಟ್ಟು ಬಂತು. ಆದರೆ ಅದೇ ಹೊತ್ತಿಗೆ ನಗುವೂ ಬಂದು ಸಿಟ್ಟು ಕೆಟ್ಟುಹೋಯಿತು.

“ನೋಡೇ,” ಎಂದಳು ಮಗಳಿಗೆ, “ಈ ಮನುಷ್ಯ ನಿನ್ನ ವಯಸ್ಸಲ್ಲಿ ಹೇಗೆ ಮಲಗ್ತಿದ್ರು ಅಂತ ನಂಗೊಬ್ಬಳಿಗೇ ಗೊತ್ತು. ಬೆಳಗ್ಗೆ ಎಬ್ಬಿಸೋಕೆ ಮುಖದ ಮೇಲೆ ಒದ್ದೆ ಬಟ್ಟೆ ಹಿಂಡ್ತಿದ್ದೆ. ನೂಲಿನಂತೆ ಸೀರೆ, ಅಪ್ಪನಂತೆ ನೀನು. ಇನ್ನು ರೀ, ನೀವು. ನಿಮಗೆ ಬೆಳಗ್ಗೆ ಹತ್ತು ಕಣ್ಣು, ಮಧ್ಯಾಹ್ನ ಒಂದೂ ಇಲ್ಲ. ನಮ್ಮ ಆಫೀಸಲ್ಲಿ ಪಾಳಿ ಅಂತ ಯಾಕೆ ಮಾಡಿದ್ರು? ಎಲ್ಲರೂ ಒಂದೇ ಹೊತ್ತಿಗೆ ಬಂದು ಒಂದೇ ಹೊತ್ತಿಗೆ ಆಕಳಿಸಿದ್ರೆ ಕಾಗದ ಊರು ಸೇರುತ್ತಾ?”

ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು ಮೇಜಿನ ಮೇಲೆ ಒಂದು ಗೆರೆ ಎಳೆದಳು. “ಇಲ್ಲಿಂದ ಈಚೆ ನಿಮ್ಮದು, ಐದರಿಂದ ಹನ್ನೆರಡು. ಆಚೆ ಇವಳದ್ದು, ಹನ್ನೆರಡರಿಂದ ಎಂಟು. ಹನ್ನೆರಡಾದ ಮೇಲೆ ನೀವು ಸೂಜಿ ಮುಟ್ಟಿದ್ರೆ ನೋಡಿ.”

“ಬೆಳಗ್ಗೆ ಐದಕ್ಕೆ ಟೈಲರ್ ಅಂಗಡಿಗೆ ಯಾರು ಬರ್ತಾರೆ, ಕಾಗೆಗಳಾ?”

“ಬರಲಿ. ಅವಕ್ಕೂ ಒಂದೊಂದು ಕೋಟು ಹೊಲಿಯಿರಿ.”

ಮಾರನೆಯ ಬೆಳಿಗ್ಗೆ ಮಾಸ್ತರು ಐದಕ್ಕೆ ಅಂಗಡಿಯ ಬಾಗಿಲು ತೆಗೆದರು. ಬೀದಿ ಇನ್ನೂ ಒದ್ದೆಯಾಗಿತ್ತು. ಗುಡಿಸುವವಳು ಮೂಲೆಯ ತನಕ ಬಂದಿದ್ದಳು. ಬ್ರೆಡ್ಡಿನ ಗಾಡಿಯೊಂದು ಹಾದುಹೋಗಿ ಅದರ ಪರಿಮಳ ಹಿಂದುಳಿಯಿತು. ದೀಪ ಹಾಕಿ, ಬ್ಲೇಡು ಹಿಡಿದು, ಮೊದಲನೆಯ ಕೋಟಿನ ತೋಳು ಬಿಚ್ಚಲು ಕೂತರು. ಕಣ್ಣು ನಿಚ್ಚಳ, ಕೈ ಹಗುರ. ಹೊಲಿಗೆ ಒಂದೊಂದೇ ಬಿಟ್ಟುಕೊಳ್ಳುತ್ತಿದ್ದ ಹಾಗೆ, ಇಷ್ಟು ದಿನ ಹಾಸಿಗೆಯಲ್ಲಿ ಬಿದ್ದು ಚಾವಣಿ ನೋಡಿದ್ದು ದಂಡವಾಯಿತಲ್ಲ ಎನ್ನಿಸಿತು.

ಕಾಗೆ ಬರಲಿಲ್ಲ. ಐದೂಮುಕ್ಕಾಲಿಗೆ ರಾತ್ರಿ ಪಾಳಿ ಮುಗಿಸಿದ ಒಬ್ಬ ನರ್ಸಮ್ಮ ದೀಪ ಕಂಡು ಒಳಗೆ ಇಣುಕಿದರು. “ನಿಜವಾಗಲೂ ತೆಗೆದಿದೆಯಾ? ಒಂದು ತಿಂಗಳಿಂದ ಈ ಅಂಚು ಪಿನ್ನಿನಲ್ಲಿ ನಿಂತಿದೆ ಮಾಸ್ತರೇ. ನಾನು ಏಳೋ ಹೊತ್ತಿಗೆ ನಿಮ್ಮ ಅಂಗಡಿ ಮುಚ್ಚಿರುತ್ತೆ.” ಐದು ನಿಮಿಷದಲ್ಲಿ ಅಂಚು ಮಡಿಸಿ ಕೊಟ್ಟರು. ಮರುದಿನ ನರ್ಸಮ್ಮ ಇನ್ನಿಬ್ಬರನ್ನು ಕರೆತಂದರು. ಮೂರನೆಯ ದಿನ ಮೊದಲ ಬಸ್ಸಿನ ಡ್ರೈವರು ಹರಿದ ಜೇಬು ಹಿಡಿದುಕೊಂಡು ಬಂದರು. ಅವರ ಹಿಂದೆಯೇ ನಿವೃತ್ತ ಲೆಕ್ಕದ ಮೇಷ್ಟರು ಬಂದರು. ಅವರಿಗೆ ಹೊಲಿಸುವುದೇನೂ ಇರಲಿಲ್ಲ. ಮೂರೂವರೆಗೇ ಎಚ್ಚರವಾಗಿ ಮಾತಿಗೆ ಜನ ಸಿಗದೆ ಒದ್ದಾಡುತ್ತಿದ್ದರಂತೆ. “ಮೂರೂವರೆಯಾ? ನನಗೆ ನಾಲ್ಕು,” ಎಂದು ಮಾಸ್ತರು ಹೆಮ್ಮೆಯಿಂದ ಹೇಳಿಕೊಂಡರು.

ತಂದೆ ಮಗಳು ಮುಖಾಮುಖಿಯಾಗುತ್ತಿದ್ದುದು ಹನ್ನೆರಡರ ಹೊತ್ತಿಗೆ ಹತ್ತು ನಿಮಿಷ ಮಾತ್ರ. ಉಳಿದ ಮಾತೆಲ್ಲ ಕೋಟುಗಳಿಗೆ ಚುಚ್ಚಿದ ಚೀಟಿಗಳಲ್ಲಿ. ‘ಏಳನೇ ಕೋಟಿನ ಕಾಲರ್ ಇಸ್ತ್ರಿ ಮಾಡು, ಎಳೆಯಬೇಡ’ ಎಂದು ಇವರು ಬರೆದರೆ, ಅವಳು ಬರೆದಳು: ‘ಕಹಳೆ ಸಾಹೇಬರ ಸೊಂಟ ಎರಡು ಇಂಚು ಬಿಡು. ನೀನು ಅಳೆದಾಗ ಪಾಪ ಉಸಿರು ಹಿಡಿದುಕೊಂಡಿದ್ದರು.’ ಇವರು ಬಿಟ್ಟಲ್ಲಿಂದ ಅವಳು, ಅವಳು ಬಿಟ್ಟಲ್ಲಿಂದ ಇವರು. ಮೆರವಣಿಗೆಯ ಬೆಳಿಗ್ಗೆ ಹದಿನೆಂಟು ಕೋಟುಗಳೂ ಸಾಲಾಗಿ ತೂಗುತ್ತಿದ್ದವು, ತೋಳುಗಳೆಲ್ಲ ಮುಂದಕ್ಕೆ ನೋಡುತ್ತಿದ್ದವು. ಕಹಳೆ ಸಾಹೇಬರು ಕೋಟು ತೊಟ್ಟು ಎದೆ ತುಂಬ ಉಸಿರೆಳೆದು ಅಂಗಡಿಯೊಳಗೇ ಒಂದು ಸಲ ಊದಿ ನೋಡಿದರು. ಗುಂಡಿ ಒಂದೂ ಕಿತ್ತುಬರಲಿಲ್ಲ. ಎದುರುಗಡೆ ಚಪ್ಪಲಿ ಅಂಗಡಿಯ ಕಪಾಟಿನಿಂದ ಒಂದು ಜೊತೆ ಬೂಟು ಕೆಳಗೆ ಬಿತ್ತು, ಅಷ್ಟೇ.

ಆಮೇಲೆ ಆ ಪಾಳಿಯೇ ಕಾಯಂ ಆಯಿತು. ಬೋರ್ಡಿನಲ್ಲಿ ಹೊತ್ತು ತಿದ್ದಿಸಿದರು. ಒಂಬತ್ತೂವರೆಗೆ ಏಳುವ ಮಗಳನ್ನು ನೋಡಿ ಮಾಸ್ತರು ಗೊಣಗುವುದನ್ನು ಬಿಟ್ಟರು. ಗೊಣಗಲು ಅವರು ಮನೆಯಲ್ಲೇ ಇರುತ್ತಿರಲಿಲ್ಲ.

ಒಂದು ದಿನ ಊಟವಾದ ಮೇಲೆ ಗಂಡ ಹೆಂಡತಿ ಇಬ್ಬರೇ ಮನೆಯಲ್ಲಿದ್ದರು. ಹೆಂಡತಿ ಪತ್ರಿಕೆಯ ಪದಬಂಧ ಬಿಡಿಸುತ್ತಿದ್ದಳು. ಮಾಸ್ತರು ನರ್ಸಮ್ಮ ಹೇಳಿದ ಆಸ್ಪತ್ರೆಯ ಕತೆಯೊಂದನ್ನು ಉಪ್ಪು ಖಾರ ಹಚ್ಚಿ ಹೇಳುತ್ತಿದ್ದರು. ನಗುವ ಜಾಗಕ್ಕೆ ಬಂದರೂ ಆಕೆ ನಗಲಿಲ್ಲ. ತಿರುಗಿ ನೋಡಿದರೆ ಕನ್ನಡಕ ಮೂಗಿನ ತುದಿಯಲ್ಲಿ, ಪೆನ್ಸಿಲು ಬೆರಳ ಸಂದಿಯಲ್ಲಿ, ಉಸಿರು ನಿಧಾನ. ಮಾಸ್ತರು ಕನ್ನಡಕ ತೆಗೆದು ಪಕ್ಕಕ್ಕಿಟ್ಟರು, ಪರದೆ ಎಳೆದರು, ಮಗ್ಗುಲಲ್ಲಿ ಉರುಳಿದರು. ಮದುವೆಯಾದ ಇಷ್ಟು ವರ್ಷದಲ್ಲಿ ಇಬ್ಬರಿಗೂ ಒಂದೇ ಗಳಿಗೆಗೆ ನಿದ್ದೆ ಬಂದದ್ದು ಅದೇ ಮೊದಲಿರಬೇಕು. ಒಬ್ಬರು ಮಲಗುವಾಗ ಇನ್ನೊಬ್ಬರು ಏಳುವುದೇ ಅವರ ಸಂಸಾರವಾಗಿತ್ತು.

ಎಚ್ಚರವಾದಾಗ ಕೋಣೆ ಮಬ್ಬಾಗಿತ್ತು. ಮಾಸ್ತರು ಗಡಬಡಿಸಿ ಎದ್ದು, ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ಕತ್ತಲಲ್ಲಿ ಬೀಗದ ಕೈ ತಡಕಿ, ಅಂಗಡಿ ತೆಗೆಯಲು ಹೊತ್ತಾಯಿತೆಂದು ಬಾಗಿಲು ತೆರೆದರು. ಮೋಡ ಕವಿದ ಬೀದಿಯ ತುಂಬ ಶಾಲೆ ಬಿಟ್ಟು ಬರುತ್ತಿದ್ದ ಮಕ್ಕಳು. ಜಡೆಯ ರಿಬ್ಬನ್ ಬಿಚ್ಚಿಹೋಗಿದ್ದ ಪಕ್ಕದ ಮನೆಯ ಹುಡುಗಿ ನಿಂತು ನೋಡಿತು.

“ತಾತಾ, ಎಲ್ಲಿಗೆ ಹೊರಟ್ರಿ?”

“ಎಲ್ಲಿಗೂ ಇಲ್ಲ ಪುಟ್ಟಿ,” ಎಂದರು ಮಾಸ್ತರು, ಮೇಲುಕೆಳಗಾಗಿ ಹಾಕಿದ್ದ ಗುಂಡಿಗಳನ್ನು ಬಿಚ್ಚುತ್ತ. “ಹೀಗೇ, ಸಂಜೆ ಹೇಗಿದೆ ಅಂತ ನೋಡೋಕೆ ಬಂದೆ.”

ಒಳಗೆ ಹೋಗಿ ಚಹಾಕ್ಕೆ ನೀರಿಟ್ಟರು, ಎರಡು ಲೋಟದಷ್ಟು.