ಒಣ ಹಗ್ಗ, ಒದ್ದೆ ಹಗ್ಗ

ಹುಳಿಮಾವಿನ ಹಳೇ ಊರಿನ ಬೀದಿಯಲ್ಲಿ, ಪಾಪಯ್ಯನ ಮನೆಯ ಮುಂದೆ ಒಂದು ಬಾವಿ ಇದೆ. ಕಲ್ಲು ಕಟ್ಟಡದ ಬಾವಿ, ಒಂಬತ್ತು ಮಾರು ಆಳ. ಸುತ್ತ ನಾಲ್ಕು ಅಂತಸ್ತಿನ ಮನೆಗಳೆದ್ದವು, ನಲ್ಲಿಗೆ ಕಾವೇರಿ ಬಂತು, ಅದು ಬಾರದ ದಿನ ಟ್ಯಾಂಕರ್ ಬಂತು, ಬಾವಿಯ ಬಾಯಿಗೆ ತಗಡು ಬಿತ್ತು. ಆ ತಗಡಿನ ಕೆಳಗೆ ನೋಡುವವರು ಈಗ ಇಬ್ಬರೇ. ಒಬ್ಬ ಪಾಪಯ್ಯ. ಇನ್ನೊಬ್ಬಳು ಅಂತರ್ಜಲದ ಆಫೀಸಿನಿಂದ ತಿಂಗಳಿಗೊಮ್ಮೆ ಟೇಪು ಹಿಡಿದು ಬರುವ ಭಾಗ್ಯಜ್ಯೋತಿ.

ಪಾಪಯ್ಯನ ಅಪ್ಪ ಕೆರೆಯ ನೀರುಗಂಟಿಯಾಗಿದ್ದ. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ನೀರು ಎಂದು ಹಂಚುವ ಕೆಲಸ. ಪ್ರತಿ ಅಮಾವಾಸ್ಯೆ ಬೆಳಗ್ಗೆ ಆತ ಈ ಬಾವಿಗೆ ಕಲ್ಲು ಕಟ್ಟಿದ ಹಗ್ಗ ಇಳಿಬಿಡುತ್ತಿದ್ದ. ಕಲ್ಲು ತಳ ಮುಟ್ಟಿದ ಮೇಲೆ ಎಳೆದು, ಹಗ್ಗ ಎಷ್ಟು ಒದ್ದೆಯಾಗಿದೆ ಎಂದು ಎರಡೂ ಕೈ ಚಾಚಿ ಮಾರು ಹಾಕುತ್ತಿದ್ದ. ಗದ್ದೆಗಳು ಹೋಗಿ ಸೈಟುಗಳಾದವು. ಪಾಪಯ್ಯ ಮಾತ್ರ ಅಮಾವಾಸ್ಯೆ ತಪ್ಪಿಸಲಿಲ್ಲ. ಎರಡನೇ ಕ್ಲಾಸಿಗೇ ಸ್ಲೇಟು ಬಿಟ್ಟವನಾದರೂ ಯಾವ ವರ್ಷದ ಯಾವ ತಿಂಗಳು ಹಗ್ಗ ಎಷ್ಟು ನೆನೆದಿತ್ತು ಎಂದು ಕೇಳಿದರೆ ಹೇಳಬಲ್ಲ. ಯಾರೂ ಕೇಳುವುದಿಲ್ಲ, ಅಷ್ಟೇ.

ಈ ಸಲ ಮಳೆ ಚೆನ್ನಾಗಿತ್ತು. ಬೇಸಿಗೆಯಲ್ಲಿ ಎರಡು ಮಾರು ಇದ್ದ ಒದ್ದೆ ದೀಪಾವಳಿಯ ಹೊತ್ತಿಗೆ ನಾಲ್ಕಾಯಿತು. ಪಾಪಯ್ಯ ಒಳಗೊಳಗೇ ಹಿಗ್ಗುತ್ತಿರುವಾಗ ಬೀದಿಯ ಸಂಘದವರು ಬಾವಿ ಮುಚ್ಚುವ ಮಾತು ತೆಗೆದರು.

ಸಂಘದ ಅಧ್ಯಕ್ಷ ಸೋಮನಾಥ್ ಕೆಟ್ಟವನಲ್ಲ. ದಾವಣಗೆರೆ ಕಡೆಯಿಂದ ಬಂದು ಮೂವತ್ತು ವರ್ಷದಿಂದ ಇಲ್ಲೇ ಹಾರ್ಡ್‌ವೇರ್ ಅಂಗಡಿ ಇಟ್ಟವನು. ಬೀದಿಯಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲವೆಂದು ಎಲ್ಲರೂ ಅವನ ಪ್ರಾಣ ತಿನ್ನುತ್ತಿದ್ದರು. ಆದರೂ ಸುಮ್ಮಸುಮ್ಮನೆ ಬಾವಿ ಮುಚ್ಚಬಾರದೆಂದು ಆಫೀಸಿನವರ ಲೆಕ್ಕವನ್ನು ಮೊಬೈಲಿನಲ್ಲಿ ಹುಡುಕಿ, ಕಾಗದದ ಮೇಲೆ ತೆಗೆಸಿ, ಸಂಘದ ಬೋರ್ಡಿಗೆ ಅಂಟಿಸಿದ. ಜೂನಿನಲ್ಲಿ ಹನ್ನೆರಡೂವರೆ ಮೀಟರ್, ಆಗಸ್ಟಿನಲ್ಲಿ ಹನ್ನೊಂದು, ಅಕ್ಟೋಬರಿನಲ್ಲಿ ಒಂಬತ್ತು ಚಿಲ್ಲರೆ. ಭಾನುವಾರದ ಮೀಟಿಂಗಿನಲ್ಲಿ ಅದನ್ನೇ ಓದಿ ಹೇಳಿದ. ಇಂಥ ಮಳೆಗಾಲದಲ್ಲೂ ನೀರು ಇಳಿಯುತ್ತಲೇ ಇದೆಯಲ್ಲ, ಈ ಬಾವಿ ಸತ್ತಂತೆಯೇ ಎಂದ. ಮುಂದಿನ ಭಾನುವಾರ ಎರಡು ಲೋಡು ಕಟ್ಟಡದ ಕಸ ತರಿಸಿ ತುಂಬಿಸುವುದೆಂದು ತೀರ್ಮಾನವಾಯಿತು.

ಹಿಂದಿನ ಕುರ್ಚಿಯಲ್ಲಿದ್ದ ಪಾಪಯ್ಯ ನಿಧಾನಕ್ಕೆ ಎದ್ದು, ನೀರು ಏರಿದೆ, ತಾನು ಅಳೆದಿದ್ದೇನೆ ಎಂದ.

ಸೋಮನಾಥ್ ನಕ್ಕ. "ಯಜಮಾನ್ರೇ, ಸರ್ಕಾರದ ಟೇಪು ಸುಳ್ಳು ಹೇಳುತ್ತಾ, ನಿಮ್ ಹಗ್ಗ ನಿಜ ಹೇಳುತ್ತಾ?"

ಉಳಿದವರೂ ನಕ್ಕರು. ಪಾಪಯ್ಯ ಕೂತುಬಿಟ್ಟ.

ಮನೆಗೆ ಬಂದರೆ ಹೆಂಡತಿ ಕೆಂಪಕ್ಕ ಇನ್ನೊಂದು ಮಾತು ಎಸೆದಳು. "ವಯಸ್ಸಾದ್ಮೇಲೆ ತೋಳು ಮುದುರ್ಕೊಂಡದೆ ನಿಂದು. ಮಾರು ಗಿಡ್ಡಾದ್ರೆ ಲೆಕ್ಕ ಜಾಸ್ತಿ ಬರಾಕಿಲ್ವಾ?"

ಅವಳು ತಮಾಷೆಗೆ ಅಂದದ್ದು. ಅವನಿಗೆ ಅದು ನಾಟಿತು. ತೋಳು ಚಾಚಿದರೆ ಬಲಗೈ ಮೊಣಕೈಯಲ್ಲಿ ನೆಟ್ಟಗಾಗುವುದಿಲ್ಲ, ನಿಜ. ಅಪ್ಪನಿಂದ ಬಂದ ಅಳತೆ ತನ್ನ ಕೈಯಲ್ಲೇ ಕೆಟ್ಟಿತೇ? ಮೂರು ದಿನ ಬೆಳಗ್ಗೆ ಮೂರು ಸಲ ಹಗ್ಗ ಬಿಟ್ಟ. ಮೂರು ಸಲವೂ ನಾಲ್ಕೇ ಮಾರು. ಕೈಯನ್ನು ನಂಬಲು ಧೈರ್ಯ ಸಾಲದು, ಬಿಡಲು ಮನಸ್ಸಿಲ್ಲ.

ನಾಲ್ಕನೇ ದಿನ ಭಾಗ್ಯಜ್ಯೋತಿ ಸ್ಕೂಟರಿನಲ್ಲಿ ಬಂದಳು. ಎರಡು ವರ್ಷದಿಂದ ಬರುತ್ತಿದ್ದಾಳೆ, ಅವನು ತಗಡು ಎತ್ತಿ ಕೊಡುತ್ತಾನೆ, ಅವಳು ಅಳೆದು ಬರೆದುಕೊಂಡು ಹೋಗುತ್ತಾಳೆ. ಓದಿದವರ ಕೆಲಸವೆಂದು ಅವನು ಒಂದು ದಿನವೂ ಏನನ್ನೂ ಕೇಳಿರಲಿಲ್ಲ. ಈ ದಿನ ಬಗ್ಗಿ ನೋಡಿದ. ಟೇಪಿನ ತುದಿ ನೀರು ಮುಟ್ಟುತ್ತಲೇ ಪೀಂ ಎಂದು ಸದ್ದಾಯಿತು. ಅವಳು ಅಲ್ಲಿಗೇ ನಿಲ್ಲಿಸಿ, ಬಾವಿಯ ಬಾಯಂಚಿನ ದಡೆಕಲ್ಲಿನ ಮೇಲೆ ಬೆರಳಿಟ್ಟು ಅಂಕಿ ಓದಿದಳು. ಟೇಪು ತಳಕ್ಕೆ ಹೋಗಲೇ ಇಲ್ಲ.

"ತಳ ಮುಟ್ಟಿಸಾಕಿಲ್ವಾ ತಾಯಿ?"

"ಇಲ್ಲ ತಾತ. ಇಲ್ಲಿಂದ ನೀರು ಎಷ್ಟು ಕೆಳಗಿದೆ ಅಂತ ಅಷ್ಟೇ ನಾವು ಬರ್ಕೊಳ್ಳೋದು. ಈ ತಿಂಗ್ಳು ಇನ್ನೂ ಮೇಲೆ ಬಂದಿದೆ, ಚೆನ್ನಾಗಿದೆ ನಿಮ್ ಬಾವಿ."

ಪಾಪಯ್ಯ ತನ್ನ ಹಗ್ಗ ಕೈಗೆತ್ತಿಕೊಂಡ. ಅವಳು ಅಳೆಯುವುದು ನೀರಿನ ಮೇಲಿನ ಒಣ ಭಾಗವನ್ನು, ತಾನು ಅಳೆಯುವುದು ಒದ್ದೆಯನ್ನು. ಅವಳ ಅಂಕಿ ಇಳಿದಷ್ಟೂ ನೀರು ಏರಿದಂತೆ. ಎರಡು ವರ್ಷದಲ್ಲಿ ಒಂದು ಮಾತು ಕೇಳಿದ್ದರೆ ಆಗುತ್ತಿತ್ತು.

ಹಗ್ಗವನ್ನು ಮತ್ತೊಮ್ಮೆ ತಳ ಮುಟ್ಟಿಸಿ, ದಡೆಕಲ್ಲಿನ ಮಟ್ಟಕ್ಕೆ ಗಂಟು ಹಾಕಿ, ಒಣ ಭಾಗ ಒಂದು ಹೆಗಲಿಗೆ, ಹನಿಯುವ ಭಾಗ ಇನ್ನೊಂದಕ್ಕೆ ಹಾಕಿಕೊಂಡು ಸೋಮನಾಥನ ಅಂಗಡಿಗೆ ನಡೆದ. ಅವನು ಯಾರಿಗೋ ಪೈಪು ಅಳೆದು ಕೊಡುತ್ತಿದ್ದ. ಪಾಪಯ್ಯ ಅಂಗಡಿಯ ಮುಂದಿನ ಫುಟ್‌ಪಾತಿನ ಮೇಲೆ ಹಗ್ಗವನ್ನು ಉದ್ದಕ್ಕೆ ಹಾಸಿ, ಗಂಟಿನಿಂದ ಒದ್ದೆ ಶುರುವಾಗುವ ತನಕ ಕಾಲಲ್ಲಿ ತೋರಿಸಿದ.

"ಆಫೀಸ್ನೋರು ಬರ್ಯೋದು ಇಷ್ಟು." ಆಮೇಲೆ ಒದ್ದೆಯ ಪಕ್ಕ ನಡೆಯುತ್ತಾ ಕಲ್ಲಿನ ತನಕ ಹೋದ. "ನಾನ್ ಎಣ್ಸೋದು ಇಷ್ಟು. ಎರಡೂ ಸೇರುದ್ರೆ ಬಾವಿ. ಟೇಪು ತಂದು ನೀವೇ ನೋಡಿ."

ಸೋಮನಾಥ್ ಕೈಯಲ್ಲಿದ್ದ ಟೇಪನ್ನೇ ಒಣ ಹಗ್ಗಕ್ಕೆ ಹಿಡಿದ. ಒಂಬತ್ತು ಮೀಟರ್, ಒಂದು ಗೇಣು ಕಮ್ಮಿ; ಬೋರ್ಡಿನ ಕೊನೆಯ ಅಂಕಿಗಿಂತ ತುಸುವೇ ಇಳಿಕೆ. ಇದ್ದಲ್ಲೇ ಕುಕ್ಕರುಗಾಲಲ್ಲಿ ಕೂತು ಒದ್ದೆ ಹಗ್ಗಕ್ಕೂ ಟೇಪು ಹಿಡಿದ.

"ದಿನಾ ಪೈಪ್ ಅಳೆಯೋನು ನಾನು," ಎಂದ. "ಯಾವ್ ಕಡೆಯಿಂದ ಅಂತ ಕೇಳ್ಲಿಲ್ವಲ್ಲ ಯಜಮಾನ್ರೇ."

"ನಾನೂ ಕೇಳಿರ್ಲಿಲ್ಲ ಬಿಡಿ," ಎಂದ ಪಾಪಯ್ಯ.

ಕಸ ತರಬೇಡವೆಂದು ಲೋಡಿನವನಿಗೆ ಅಲ್ಲಿಂದಲೇ ಫೋನು ಹೋಯಿತು. ಗಾಡಿ ನಿಲ್ಲಿಸುವ ಜಾಗದ ತಕರಾರು ಮುಗಿಯಲಿಲ್ಲ. ಭಾನುವಾರ ಕೆಲವರು ಮುಖ ಊದಿಸಿಕೊಂಡೇ ಬಂದರು. ಸೋಮನಾಥ್ ಎಲ್ಲರೆದುರು ತನ್ನ ತಪ್ಪು ಒಪ್ಪಿ ತಗಡನ್ನು ಪೂರ್ತಿ ತೆಗೆಸಿದ. ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಕೆಳಗೆ ಆಕಾಶ ಅಲ್ಲಾಡುತ್ತಿತ್ತು. ಕೊನೆಗೆ ಬೀದಿ ತುದಿಯ ಮನೆಯ ಈಶ್ವರಮ್ಮ ಪಾಪಯ್ಯನ ಹತ್ತಿರ ಬಂದು, ತಮ್ಮ ತಾರಸಿಯ ಮಳೆನೀರೆಲ್ಲ ಸುಮ್ಮನೆ ಮೋರಿಗೆ ಹೋಗುತ್ತದೆ, ಅದನ್ನು ಇಲ್ಲಿಗೆ ತಿರುಗಿಸಬಹುದೇ ಎಂದು ಕೇಳಿದಳು.

ಪಾಪಯ್ಯ ಅವಳ ತಾರಸಿಯನ್ನೊಮ್ಮೆ, ಬಾವಿಯನ್ನೊಮ್ಮೆ ನೋಡಿದ. ಮೊದಲ ಮಳೆಯ ಕೊಳೆ ಹೊರಗೆ ಹೋಗಲಿ, ಎರಡನೇದರಿಂದ ಬಿಡಿ ಎಂದ. ಪೈಪು ಎಷ್ಟು ಉದ್ದ ಬೇಕಾಗುತ್ತದೆಂದು ಸೋಮನಾಥ್ ಆಗಲೇ ಹೆಜ್ಜೆ ಹಾಕಿ ಎಣಿಸತೊಡಗಿದ್ದ.